ಬಾಗಿಲಲ್ಲಿ ನಿಂತವಳು

ಆ ಸಿನಿಮಾದ ಕೊನೆಯಲ್ಲಿ ಮನೆಗೆ ಬರುವವಳು ಅಸಲಿಯೋ ನಕಲಿಯೋ ಎಂದು ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ಜನ ಜಗಳಕ್ಕೆ ಬಿದ್ದಿದ್ದರು. ತೆಲುಗು ಸಿನಿಮಾ. ಒಬ್ಬ ಗೃಹಿಣಿ ಥೇಟ್ ತನ್ನಂತೆಯೇ ಇರುವ ಇನ್ನೊಬ್ಬಳನ್ನು ಬಸ್‌ಸ್ಟ್ಯಾಂಡಿನಲ್ಲಿ ನೋಡಿ ಹಿಂಬಾಲಿಸುತ್ತಾಳೆ. ಕಾಲುವೆ ದಂಡೆಯ ಮೇಲೆ ಇಬ್ಬರೂ ಎದುರಾಗುತ್ತಾರೆ. ಒಬ್ಬಳು ನೀರಿಗೆ ಬೀಳುತ್ತಾಳೆ, ಇನ್ನೊಬ್ಬಳು ಮನೆಗೆ ಬರುತ್ತಾಳೆ. ಅತ್ತೆ ಬಾಗಿಲಿಗೆ ತಂಬಿಗೆಯಲ್ಲಿ ನೀರು ತಂದುಕೊಡುತ್ತಾಳೆ, ಇವಳು ಕುಡಿಯುತ್ತಾಳೆ, ಮುಗಿಯಿತು. ಬಂದವಳು ಯಾರೆಂದು ಹೇಳುವ ಸೌಜನ್ಯ ಆ ನಿರ್ದೇಶಕನಿಗಿಲ್ಲ. ಕೆಲವರು ಮೂಗುತಿ ನೋಡಿರಿ ಎಂದರು. ಕೆಲವರು ಇನ್ನೊಬ್ಬಳು ಇರಲೇ ಇಲ್ಲ, ಎಲ್ಲ ಅವಳ ತಲೆಯೊಳಗಿನ ಭ್ರಮೆ ಎಂದರು. ಮೂಗುತಿಯಂತೆ, ಭ್ರಮೆಯಂತೆ, ಮಣ್ಣಂತೆ!

ಉತ್ತರ ಕಂಡುಹಿಡಿದವಳು ನಾನು. ಭಾರತಿ. ಲಿಂಗಸುಗೂರಿನ ಒಂದು ಕಚೇರಿಯಲ್ಲಿ ದಿನವಿಡೀ ಕಂಪ್ಯೂಟರ್ ಕುಟ್ಟುವವಳು.

ನಾನೂ ನನ್ನ ಗೆಳತಿ ನಂದಿನಿಯೂ ಸೇರಿ ಯೂಟ್ಯೂಬಿನಲ್ಲಿ ಸಿನಿಮಾಗಳ ಅರ್ಥ ಬಿಡಿಸಿ ಹೇಳುತ್ತಿದ್ದೆವು. ಮುಖ ಅವಳದು, ಮಾತು ನನ್ನದು. ಸೊಸೆಯ ಮುಖ ಮೊಬೈಲಿನಲ್ಲಿ ಬರಬಾರದೆಂದು ನನ್ನ ಗಂಡನ ಮನೆಯ ಹಿರಿಯರ ಹಟ. ನಂದಿನಿಗೋ ಒಂದು ಸಾಲೂ ಬಾಯಿಗೆ ಹತ್ತುವುದಿಲ್ಲ. ಅದಕ್ಕೆ ನಾನು ಹೇಳಬೇಕಾದ್ದನ್ನೆಲ್ಲ ವಾಯ್ಸ್ ಮೆಸೇಜ್ ಮಾಡಿ ಕಳಿಸುತ್ತಿದ್ದೆ. ಅವಳು ಕೂದಲ ಮರೆಯಲ್ಲಿ ಇಯರ್‌ಫೋನ್ ಸಿಗಿಸಿಕೊಂಡು, ತನ್ನ ಟೇಲರಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕುಳಿತು, ಕೇಳಿದ್ದನ್ನು ಕೇಳಿದಂತೆ ಒಪ್ಪಿಸುತ್ತಿದ್ದಳು. ನಾನು ನಕ್ಕಲ್ಲಿ ನಗುತ್ತಿದ್ದಳು, ನಾನು ಬೈದಲ್ಲಿ ಬೈಯುತ್ತಿದ್ದಳು.

ಈ ಸಿನಿಮಾಕ್ಕೂ ಹಾಗೆಯೇ ಕಳಿಸಿದೆ. "ಮೂಗುತಿ ಬಿಡ್ರಿ, ಬಾಗಿಲಾ ನೋಡ್ರಿ. ಹೊರಗಿಂದ ಬಂದವರಿಗೆ ನೀರು ಕೊಡೋದು ನಮ್ಮ ಕಡಿ ಪದ್ಧತಿ. ಆದರ ಮನಿಯಾಕಿಗೆ ಯಾರು ಕೊಡ್ತಾರ? ಆಕಿ ಸೀದಾ ಒಳಗ ಹೋಗಿ ಕೊಡದಾಗಿನ ನೀರು ತಾನ ತೊಗೊಂಡು ಕುಡೀತಾಳ. ಈಕಿ ಬಾಗಿಲಾಗ ಯಾಕ ನಿಂತಾಳ? ಯಾಕಂದ್ರ ಈಕಿಗೆ ಕೊಡ ಎಲ್ಲೈತಿ ಅಂತ ಮಾಲೂಮಿಲ್ಲ. ಮನಿಯಾಕಿ ಕಾಲುವ್ಯಾಗ ಸತ್ತಾಳ."

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಮನಸ್ಸು ತಡೆಯಲಿಲ್ಲ. "ನಂದಿನಿ, ಇನ್ನ ಮುಂದಿಂದು ವಿಡಿಯೋದಾಗ ಹೇಳಬ್ಯಾಡ, ನಿನಗಷ್ಟ ಹೇಳಾಕತ್ತೀನಿ" ಎಂದು, ಇದು ನನಗೆ ಹೇಗೆ ಹೊಳೆಯಿತೆಂಬುದನ್ನೂ ಹೇಳಿದೆ. ಮದುವೆಯಾಗಿ ಮೊದಲ ಸಲ ಮಸ್ಕಿಯ ತವರಿಗೆ ಹೋದಾಗ ಅವ್ವ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ತಂಬಿಗೆಯಲ್ಲಿ ನೀರು ಕೊಟ್ಟಿದ್ದಳು. ಪ್ರೀತಿಯಿಂದಲೇ ಕೊಟ್ಟಿದ್ದಳು. ಆದರೂ ತಂಬಿಗೆ ಕೈಗೆ ಬಂದದ್ದೇ ನನಗೆ ಅರ್ಥವಾಯಿತು. ಅಂದರೆ ನಾನಿನ್ನು ಈ ಮನೆಯವಳಲ್ಲ! ಬಚ್ಚಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಿದ್ದೆ. ಯಾರಿಗೂ, ನನ್ನ ಗಂಡ ಗಾದಿಲಿಂಗನಿಗೂ ಹೇಳಿದ್ದಿಲ್ಲ.

ವಿಡಿಯೋ ಬಂತು. ನಂದಿನಿ ಅದನ್ನೂ ಹೇಳಿದ್ದಳು. "ನಮ್ಮವ್ವ ನನಗ ಬಾಗಿಲಾಗ ನಿಂದ್ರಿಸಿ ನೀರು ಕೊಟ್ಲು" ಎಂದು, ಕಣ್ಣು ತುಂಬಿಕೊಂಡು. ಮದುವೆಯೇ ಆಗದವಳು! ಹುಟ್ಟಿದ ಮನೆ ಬಿಟ್ಟು ಒಂದು ದಿನ ಹೊರಗಿರದವಳು! ಜನ ಹುಚ್ಚೆದ್ದು ನೋಡಿದರು. ತವರು ನೆನಪಾಯಿತು, ನೀವು ನಮ್ಮ ಮನಸ್ಸಿನ ಮಾತು ಹೇಳಿದಿರಿ ಅಕ್ಕಾ ಎಂದು ಕೆಳಗೆ ಹೆಣ್ಣುಮಕ್ಕಳು ಬರೆದದ್ದೇ ಬರೆದದ್ದು.

ಮೈಯೆಲ್ಲ ಉರಿದುಹೋಯಿತು. ಕಚೇರಿ ಬಿಟ್ಟ ತಕ್ಷಣ ಅವಳ ಅಂಗಡಿಗೆ ಹೋದೆ.

"ಹೇಳಬ್ಯಾಡ ಅಂದಿದ್ನೆಲ್ಲೇ?"

"ಕಿವ್ಯಾಗ ಬಂದದ್ದು ಹಂಗ ಬಾಯಾಗ ಬಂದುಬಿಡ್ತು. ಸಿಟ್ಟಾಗಬ್ಯಾಡ ಬೇ" ಎಂದು ನಂದಿನಿ ನನ್ನ ಗದ್ದ ಹಿಡಿದಳು. "ಸಿಂಧನೂರಾಗ ಮಹಿಳಾ ಮಂಡಳಿಯವರು ಸನ್ಮಾನ ಇಟ್ಟಾರ. ಸ್ಟೇಜ್ ಮ್ಯಾಲ ನಿನ್ನ ಕರೀತೀನಿ. ಮಾತೆಲ್ಲ ಈಕಿದು, ಆ ತಂಬಿಗಿ ನೀರೂ ಈಕಿದು ಅಂತ ಮೈಕಿನ್ಯಾಗ ಹೇಳ್ತೀನಿ. ನಿಮ್ಮವ್ವನ್ನೂ ಕರಕೊಂಡು ಬಾ."

ನಂಬಿದೆ. ನಂಬದೆ ಏನು ಮಾಡಲಿ, ಕಾಲೇಜಿನಿಂದ ಒಂದೇ ಡಬ್ಬಿಯಲ್ಲಿ ಉಂಡವರು. ಮುಖ ಕಂಡರೆ ಮನೆಯಲ್ಲಿ ರಂಪವಾಗುತ್ತದೆಂದು ಗೊತ್ತಿತ್ತು, ಆಗಲಿ ಅಂದುಕೊಂಡೆ. ಒಂದೇ ಒಂದು ಸಲ ಜನರೆದುರು ನನ್ನ ಮಾತು ನನ್ನದಾಗಬೇಕಿತ್ತು, ಅದನ್ನು ನನ್ನ ಅವ್ವ ಕೇಳಬೇಕಿತ್ತು. ಹೊಸ ಇಳಕಲ್ ಸೀರೆ ಉಟ್ಟು ಮಸ್ಕಿಗೆ ಹೋದೆ. ನನ್ನ ಅವ್ವ ಕನಕಮ್ಮ ಊರಿನವರಿಗೆಲ್ಲ "ನನ್ನ ಮಗಳ ಹೆಸರು ಮೈಕಿನ್ಯಾಗ ಕೂಗ್ತಾರಂತ" ಎಂದು ಹೇಳಿ ಬಸ್ಸು ಹತ್ತಿದಳು.

ಸಭೆ ಕಿಕ್ಕಿರಿದಿತ್ತು. ಶಾಲು, ಹಾರ, ಚಪ್ಪಾಳೆ. ಆಮೇಲೆ ಯಾರೋ ಕೇಳಿದರು, ಇಷ್ಟು ಸೂಕ್ಷ್ಮ ನಿಮಗೆ ಹೇಗೆ ಹೊಳೆಯಿತು ಮೇಡಂ? ನಾನು ಸೆರಗು ಸರಿಮಾಡಿಕೊಂಡು ಏಳಲು ಸಿದ್ಧಳಾದೆ. ನಂದಿನಿ ನನ್ನನ್ನೇ ನೋಡಿದಳು. ನೋಡಿ, ಮುಖ ತಿರುಗಿಸಿದಳು.

"ನಮ್ಮಕ್ಕನ ಮನ್ಯಾಗ ಭಾಳ ವರ್ಷ ಇದ್ದು ನಮ್ಮವ್ವನ ಮನಿಗೆ ಬಂದಿದ್ನಿರೀ" ಎಂದು ಶುರು ಮಾಡಿದಳು. ಇಲ್ಲದ ಅಕ್ಕ! ಬಾಗಿಲು ಹೇಳಿದಳು, ತಂಬಿಗೆ ಹೇಳಿದಳು. ನನ್ನ ಬಚ್ಚಲನ್ನೂ ಬಿಡಲಿಲ್ಲ, ನನ್ನ ಸೆರಗನ್ನೂ ಬಿಡಲಿಲ್ಲ. ಕಿವಿಯಲ್ಲಿ ಇಯರ್‌ಫೋನ್ ಇರಲಿಲ್ಲ. ಒಂದು ಅಕ್ಷರ ತಡವರಿಸಲಿಲ್ಲ. ನಾನು ಎಲ್ಲಿ ಉಸಿರು ಹಿಡಿಯುತ್ತೇನೋ ಅಲ್ಲಿಯೇ ಉಸಿರು ಹಿಡಿದಳು. ಕೇಳುತ್ತ ಕೇಳುತ್ತ ನನಗೇ ಒಂದು ಗಳಿಗೆ ಅದು ಅವಳದೇ ಅನ್ನಿಸಿಬಿಟ್ಟಿತು. ಅವಳ ನಾಲಿಗೆ ಸೇದಿಹೋಗಲಿ!

ಪಕ್ಕದಲ್ಲಿ ಅವ್ವ ಕಣ್ಣೊರೆಸಿಕೊಳ್ಳುತ್ತಿದ್ದಳು. ಸದ್ಯ, ಇದು ನನ್ನ ಕಥೆಯೆಂದು ಇವಳಿಗಾದರೂ ಗೊತ್ತಾಯಿತಲ್ಲ ಎಂದು ನನ್ನ ಎದೆ ಹಗುರಾಯಿತು.

ಸಭೆ ಮುಗಿದದ್ದೇ ಅವ್ವನ ಕೈ ಹಿಡಿದು ಎಳೆದುಕೊಂಡು ವೇದಿಕೆಯ ಹಿಂದೆ ಹೋದೆ. ಸನ್ಮಾನ ಮಾಡಿದ ಹೆಂಗಸರು ನಂದಿನಿಯ ಸುತ್ತ ನಿಂತಿದ್ದರು.

"ಕಳ್ಳಿ! ನನ್ನ ಕಣ್ಣೀರೂ ಬೇಕಾತೇನಲೇ ನಿನಗ?" ಎಂದೆ. "ಇಲ್ಲಿ ಕೇಳ್ರಿ ಎಲ್ಲಾರೂ. ಈಕಿ ಹೇಳಿದ್ದು ನನ್ನ ಕಥಿ. ಬಾಗಿಲಾಗ ನಿಂತಾಕಿ ನಾನು. ನೀರು ಕೊಟ್ಟಾಕಿ ಇಲ್ಲೇ ಅದಾಳ, ನಮ್ಮವ್ವ. ಹೇಳಬೇ ಅವ್ವಾ!"

ನಂದಿನಿಯ ಮುಖ ಸುಣ್ಣವಾಯಿತು. ಎಲ್ಲರೂ ಅವ್ವನ ಕಡೆ ತಿರುಗಿದರು. ಅವ್ವ ಅವರನ್ನೆಲ್ಲ ಒಮ್ಮೆ ನೋಡಿದಳು, ನನ್ನನ್ನು ನೋಡಿದಳು.

"ನಾನಾ?" ಎಂದಳು. "ಅಯ್ಯ ಶಿವನೇ, ಏನಂತ ಮಾತಾಡ್ತಿ? ಹೆತ್ತ ಮಗಳನ್ನ ಬೀಗರಂಗ ಬಾಗಿಲಾಗ ನಿಂದ್ರಸಾಕ ನನಗೇನು ಕರುಳಿಲ್ಲೇನ?"

"ಅವ್ವಾ, ನೆನಪು ಮಾಡಿಕೋ. ಮದುವಿಯಾದ ಮ್ಯಾಲ, ಮೊದಲ ಸಲ..."

"ಇಲ್ಲವ್ವಾ. ನಾ ಹಂಗ ಮಾಡಾಕಿ ಅಲ್ಲ. ನಾಕು ಮಂದ್ಯಾಗ ಹಿಂಗೆಲ್ಲ ಅನಬ್ಯಾಡ."

ಮರೆತಿದ್ದಳೋ, ಅಷ್ಟು ಜನರೆದುರು ನಾಚಿದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ನಂದಿನಿ ಅಳತೊಡಗಿದಳು. ಈ ಸಲ ನಿಜವಾದ ಅಳು ಎಂದೇ ಕಾಣುತ್ತದೆ. ಅವ್ವ ನನ್ನ ಕೈ ಬಿಡಿಸಿಕೊಂಡು ಹೋಗಿ ಅವಳ ಕೆನ್ನೆ ಸವರಿದಳು.

"ಅಳಬ್ಯಾಡ ನನ್ನವ್ವ. ಎಂಥಾ ಕಲ್ಲೆದಿ ತಾಯಿ ಹೊಟ್ಟ್ಯಾಗ ಹುಟ್ಟಿದ್ಯೋ ಏನೋ. ಮಸ್ಕಿಗೆ ನಮ್ಮನಿಗೆ ಬಾ. ಬಾಗಿಲಾಗ ನಿಂದ್ರಬ್ಯಾಡ, ಸೀದಾ ಒಳಗ ಬಾ."