ಸಮೀಪದ ಬಂಧುವಿನ ಸಹಿ

ನನ್ನ ಹೆಂಡತಿ ಬಂಗಾರಮ್ಮ ಬೆಳಿಗ್ಗೆ ಆರಕ್ಕೆ ಹೋದಳು. ಒಂಬತ್ತರ ಹೊತ್ತಿಗೆ ಅವಳನ್ನು ಹೂಳಲು ಎರಡು ಜಾಗ ಸಿದ್ಧವಾಗಿದ್ದವು. ಒಂದು, ಸವಳಂಗದಲ್ಲಿ ಅವಳ ತಮ್ಮ ಬೈಲಪ್ಪನ ಹೊಲದ ಬದು. ಇನ್ನೊಂದು, ಅವಳ ಸಭೆಯ ಪಾಸ್ಟರ್ ಕೆಂಚೇಶ್ ಹೊನ್ನಾಳಿಯಲ್ಲಿ ಯಾರ ಕೈಕಾಲೋ ಹಿಡಿದು ಗೊತ್ತು ಮಾಡಿದ್ದ ಆರಡಿ ನೆಲ. ನಮ್ಮ ನ್ಯಾಮತಿಯಲ್ಲಿ ಸತ್ತವರಿಗೆ ಇಷ್ಟು ಬೇಡಿಕೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಕ್ಕ ಕ್ರೈಸ್ತಳಾದಳೆಂದು ಹನ್ನೆರಡು ವರ್ಷ ಇದೇ ಬೈಲಪ್ಪ ನಮ್ಮ ಮನೆಯಲ್ಲಿ ನೀರು ಕುಡಿದಿರಲಿಲ್ಲ.

ಎರಡೂ ಬೇಡ ಎನ್ನುವ ಕಾಗದ ನನ್ನ ಜೇಬಿನಲ್ಲಿತ್ತು. ತನ್ನ ದೇಹವನ್ನು ಮೆಡಿಕಲ್ ಕಾಲೇಜಿಗೆ ಕೊಡಬೇಕು, ಹುಡುಗರು ಕೊಯ್ದು ಕಲಿಯಲಿ ಎಂದು ಅವಳೇ ಬರೆದುಕೊಟ್ಟದ್ದು. ಆ ಕಾಗದಕ್ಕೆ ಕಾರಣ ನಾನು.

ನಾನು ವಿಜ್ಞಾನದ ಮೇಷ್ಟ್ರು. ಮೂವತ್ತೈದು ವರ್ಷ ಹೈಸ್ಕೂಲಿನ ಬೋರ್ಡಿನ ಮೇಲೆ ಹೃದಯ, ಶ್ವಾಸಕೋಶ ಬರೆದವನು. ಪ್ರತಿ ವರ್ಷ ಮಕ್ಕಳಿಗೆ ದೇಹದಾನದ ಬಗ್ಗೆ ಭಾಷಣ ಬಿಗಿಯುತ್ತಿದ್ದೆ. ಅವಳು ದೀಕ್ಷಾಸ್ನಾನ ಮಾಡಿಸಿಕೊಂಡು ಬಂದ ದಿನ, ಊಟಕ್ಕೆ ಕೂತಾಗ ನನ್ನ ನಾಲಿಗೆ ಸುಮ್ಮನಿರಲಿಲ್ಲ.

“ಸತ್ತ ಮೇಲೆ ಎಬ್ಬಿಸ್ತಾನಂತಲ್ಲ ನಿಮ್ಮ ದೇವರು? ಅಷ್ಟು ನಂಬಿಕೆ ಐತಾ? ಹಂಗಾದ್ರೆ ಹೆಣ ಕಾಲೇಜಿಗೆ ಕೊಡು. ಹುಡುಗರು ಚೂರು ಚೂರು ಮಾಡ್ಲಿ. ಆಮೇಲೆ ಹೆಂಗೆ ಎಬ್ಬಿಸ್ತಾನೋ ನೋಡಾನ.”

ಅವಳು ಸಾರು ಬಡಿಸುತ್ತಾ, “ಆಗ್ಲಿ. ಫಾರಂ ತಂದ್ಕೊಡ್ರಿ,” ಎಂದಳು. ಜಗಳ ಆಡಿದ್ದರೆ ನಾನು ಗೆಲ್ಲುತ್ತಿದ್ದೆ. ಹಟಕ್ಕೆ ಬಿದ್ದು ಎರಡು ಫಾರಂ ತಂದೆ. ಅವಳು ತನ್ನದನ್ನು ಅಂದೇ ತುಂಬಿದಳು. ನನ್ನದನ್ನು ತುಂಬಲು ನನಗೆ ಇನ್ನೂ ಪುರುಸೊತ್ತು ಸಿಕ್ಕಿಲ್ಲ.

ಯಾಕೆ ಆ ಧರ್ಮಕ್ಕೆ ಹೋದಳು ಎಂದು ಜನ ನನ್ನನ್ನು ಕೇಳುತ್ತಿದ್ದರು. ಅಕ್ಕಿ ಕೊಟ್ಟರಾ, ಕಾಯಿಲೆ ವಾಸಿ ಮಾಡಿದರಾ ಎಂದು. ಏನೂ ಇಲ್ಲ. “ಓದಿದೆ, ಸರಿ ಅನ್ನಿಸ್ತು,” ಎನ್ನುತ್ತಿದ್ದಳು. ನಾನು ಎಷ್ಟು ಕೆದಕಿದರೂ ಅದಕ್ಕಿಂತ ದೊಡ್ಡ ಕಾರಣ ಸಿಗಲಿಲ್ಲ. ಆಮೇಲೆ ಅವಳಿಗೆ ಹೃದಯದ ಕಾಯಿಲೆ ಬಂತು. ಎರಡು ವರ್ಷದ ಆಸ್ಪತ್ರೆ ಓಡಾಟ ಇಬ್ಬರನ್ನೂ ಹಿಂಡಿಹಾಕಿತು. ಪ್ರಾರ್ಥನೆ ಮಾಡಿಯೇ ಮಾತ್ರೆ ನುಂಗುತ್ತಿದ್ದಳು. ಇವತ್ತು ಯಾವುದು ಕೆಲಸ ಮಾಡ್ತು ಎಂದು ನಾನು ಕುಟುಕಿದರೆ, “ಎರಡನ್ನೂ ಕೊಟ್ಟೋನು ಒಬ್ಬನೇ, ಸುಮ್ನಿರ್ರಿ,” ಎನ್ನುತ್ತಿದ್ದಳು.

ಕಾಲೇಜಿಗೆ ಫೋನು ಮಾಡಿದೆ. ಅತ್ತಲಿನವನು ಮೆತ್ತಗೆ ಹೇಳಿದ: “ಸಮೀಪದ ಬಂಧು ಸಹಿ ಹಾಕ್ದಿದ್ರೆ ನಾವು ತಗೊಳ್ಳಲ್ಲ ಸರ್. ಮಧ್ಯಾಹ್ನದೊಳಗೆ ತಿಳಿಸಿ.”

ಸಮೀಪದ ಬಂಧು ಎಂದರೆ ನಾನೇ. ನಮಗೆ ಮಕ್ಕಳಿಲ್ಲ.

ಬೈಲಪ್ಪ ಕಣ್ಣೊರೆಸಿಕೊಂಡು, “ಹರಿದು ಬಿಸಾಕ್ರಿ ಭಾವ. ಯಾರು ಕೇಳಾಕೆ ಬರ್ತಾರೆ?” ಎಂದ.

ಯಾರೂ ಬರುತ್ತಿರಲಿಲ್ಲ. ಅದೇ ನನ್ನ ಕಷ್ಟ. ಮಕ್ಕಳನ್ನು ಕರೆದುಕೊಂಡು ಹೋಗಿ ಕಾಲೇಜಿನಲ್ಲಿ ಹೆಣ ಕೊಯ್ದು ಕಲಿಸುವ ಆ ಹಾಲ್ ತೋರಿಸಿದವನು ನಾನು. ಮೇಜಿನ ಮೇಲಿರುವುದು ಬರೀ ದೇಹ, ಹೆದರಬೇಡಿ ಎಂದವನು ನಾನು. ಈಗ ಚಾಪೆಯ ಮೇಲೆ ಮಲಗಿಸಿದ್ದ ಅವಳ ಊದಿದ ಪಾದ ನೋಡಿದರೆ, ಅದಕ್ಕೊಂದು ಸೂಜಿ ತಾಗುವುದೂ ನನಗೆ ಬೇಡವಾಗಿತ್ತು.

ಕೆಂಚೇಶನನ್ನು ಹಿತ್ತಿಲಿಗೆ ಕರೆದೊಯ್ದೆ. ನಿದ್ದೆಯಿಲ್ಲದೆ ಅವನ ಕಣ್ಣು ಕೆಂಪಗಾಗಿದ್ದವು. ಅವಳ ಜೊತೆ ರಾತ್ರಿಯೆಲ್ಲಾ ಕೂತವರು ನಾವಿಬ್ಬರೇ.

“ಪಾಸ್ಟರೇ, ನಿಮ್ಮ ಧರ್ಮದಾಗೆ ಇದಕ್ಕೆ ಒಪ್ಪಿಗೆ ಇಲ್ಲ ಅಂತ ಒಂದು ಮಾತು ಹೇಳ್ರಿ. ನಾನು ಅದನ್ನೇ ಹಿಡ್ಕಂತೀನಿ.”

ದೇವರ ಹೆಸರಿನಲ್ಲಿ ಅಡ್ಡಿ ಮಾಡಿ ಎಂದು ಪಾದ್ರಿಯನ್ನು ಬೇಡಿಕೊಳ್ಳುವ ವಿಜ್ಞಾನದ ಮೇಷ್ಟ್ರು! ನಾಚಿಕೆಯಾಯಿತು, ಆದರೂ ಬೇಡಿದೆ.

ಅವನು ಬಚ್ಚಲ ಕಟ್ಟೆಯ ಮೇಲೆ ಕುಸಿದು ಕೂತ. “ಹೂಳೋದೇ ವಾಸಿ ಅಂತ ನಾನೂ ಹೇಳಿದ್ದೆ ಸರ್. ಅಮ್ಮಾರು ಒಪ್ಪಲಿಲ್ಲ. ‘ಹೊಳೆಪಾಲಾದೋರನ್ನ, ಬೆಂಕಿಗೆ ಬಿದ್ದೋರನ್ನ ಎಬ್ಬಿಸೋನಿಗೆ ನಾನೊಬ್ಬಳು ಭಾರಾನಾ?’ ಅಂದ್ರು. ನೀವು ಸಹಿ ಹಾಕ್ದೇ ಹೋದ್ರೆ ಇರ್ಲಿ ಅಂತಷ್ಟೇ ಹೊನ್ನಾಳಿ ಜಾಗ ಗೊತ್ತು ಮಾಡಿದ್ದು.” ಕಣ್ಣುಜ್ಜಿಕೊಂಡು ಮತ್ತೆ ಹೇಳಿದ: “ಇನ್ನೊಂದು ಮಾತೂ ಹೇಳಿದ್ರು. ‘ನಮ್ಮ ಮೇಷ್ಟ್ರು ಕೊನೇಗೆ ಹಿಂದೇಟು ಹಾಕ್ತಾರೆ. ನೀವೂ ಅವರ ಜೊತೆ ಸೇರ್ಕಬ್ಯಾಡ್ರಿ’ ಅಂತ.”

ನನಗೆ ನಗು ಬಂತು. ಆಮೇಲೆ ತಡೆಯಲಾಗದೆ ಅಳು ಬಂತು. ನನ್ನನ್ನು ಅಷ್ಟು ಬಲ್ಲವಳು ಇನ್ನಿಲ್ಲ ಎಂಬುದು ಆಗ ಗೊತ್ತಾಯಿತು.

ಹನ್ನೊಂದಕ್ಕೆ ಕಾಲೇಜಿಗೆ ಮತ್ತೆ ಫೋನು ಮಾಡಿ, ಬನ್ನಿ ಎಂದೆ. ಒಂದೂವರೆಗೆ ವ್ಯಾನು ಬಂತು. ಕೆಂಚೇಶ್ ಪ್ರಾರ್ಥನೆ ಮಾಡಿದ. ಬೈಲಪ್ಪ ಅಕ್ಕನ ತಲೆಯ ಕಡೆ ಹೆಗಲು ಕೊಟ್ಟ. ವ್ಯಾನಿನವನು ತೋರಿಸಿದ ಜಾಗದಲ್ಲಿ ಸಹಿ ಹಾಕಿದೆ.

ವ್ಯಾನು ರಸ್ತೆಯ ತಿರುವಿನಲ್ಲಿ ಮರೆಯಾದ ಮೇಲೂ ನಾನೂ ಕೆಂಚೇಶನೂ ಅಲ್ಲೇ ನಿಂತಿದ್ದೆವು.

“ಏಳ್ತಾಳಲ್ವೇನ್ರಿ?” ಎಂದು ಕೇಳಿದೆ.

“ಏಳ್ತಾರೆ ಸರ್,” ಎಂದ.

ಯಾರು ಏನೇ ಹೇಳಿದರೂ, ಅದು ಹೇಗೆ ಗೊತ್ತು ಎಂದು ಕೇಳಿ ಅಂತ ಮಕ್ಕಳಿಗೆ ಕಲಿಸಿದವನು ನಾನು. ಅವನನ್ನು ಮಾತ್ರ ಕೇಳಲಿಲ್ಲ. ಇನ್ನೊಂದು ಸಲ ಹೇಳಿ ಎಂದೆ.