ಸಾವಿನ ಮನೆಯ ಪುಸ್ತಕಗಳು

ಸುಂಕಮ್ಮ ರೊಟ್ಟಿಯ ಗಂಟನ್ನು ಕಟ್ಟೆಯ ಮೇಲಿಟ್ಟು, ಸೆರಗಿನ ಮರೆಯಿಂದ ಒಂದು ಪುಸ್ತಕ ತೆಗೆದು ಅದರ ಪಕ್ಕದಲ್ಲಿಟ್ಟಳು. "ಅಕ್ಕಾರ ಕಡಿಂದ ಒಯ್ದಿದ್ದೆ ಸರ. ಅರ್ಧಾ ಓದಿ ಆಗಿತ್ತು" ಎಂದಳು. ನಾಗೇಂದ್ರಪ್ಪ ತಲೆಯಾಡಿಸಿ ಪುಸ್ತಕವನ್ನು ಒಳಗೊಯ್ದರು. ಪಡಸಾಲೆಯ ಮೂಲೆಯ ರಾಶಿ ಆಗಲೇ ಕಿಟಕಿಯ ಮಟ್ಟಕ್ಕೆ ಬಂದಿತ್ತು.

ಮಗಳು ಸಂಘಮಿತ್ರಾ ತೀರಿಕೊಂಡಾಗಿನಿಂದ ಹೀಗೇ ನಡೆದಿತ್ತು. ಓಣಿಯ ಓದುವ ಕೋಣೆಯನ್ನು ನೋಡಿಕೊಳ್ಳುತ್ತಿದ್ದವಳು ಅವಳು. ಒಂದು ಸಂಜೆ ಅಲ್ಲಿಯೇ ಕುರ್ಚಿಯಿಂದ ಕುಸಿದಳು. ಇದ್ದವರು ಅವಳನ್ನು ಬರಿಗಾಲಲ್ಲೇ ಎತ್ತಿ ಆಟೋಗೆ ಹಾಕಿದರು, ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಯಾರೋ ಕೋಣೆಗೆ ಬೀಗ ಜಡಿದು ಬೀಗದ ಕೈಯನ್ನು ಇವರ ಅಂಗೈಯಲ್ಲಿಟ್ಟರು. ಪುಸ್ತಕ ಒಯ್ದ ಹೆಂಗಸರಿಗೆ ಅವನ್ನು ಎಲ್ಲಿ ಮರಳಿಸಬೇಕೆಂದು ತಿಳಿಯಲಿಲ್ಲ. ಬುತ್ತಿಯ ಜೊತೆ ಮನೆಗೇ ತಂದಿಟ್ಟರು. ಸಾವಿನ ಮನೆಗೆ ಪುಸ್ತಕ ಹೊತ್ತು ಬರುವ ಓಣಿ ಕೊಟ್ಟೂರಿನಲ್ಲಿ ಇದೊಂದೇ ಇದ್ದೀತು.

ಹೆಂಡತಿ ಸತ್ತಾಗ ಗೋಡೆಗೆ ತಲೆ ಚಚ್ಚಿಕೊಂಡು ಅತ್ತ ಮನುಷ್ಯ ನಾಗೇಂದ್ರಪ್ಪ. ಈಗ ಕಣ್ಣಲ್ಲಿ ಹನಿಯಿಲ್ಲ. ರೊಟ್ಟಿ ಮುರಿಯುತ್ತಾರೆ, ನುಂಗುತ್ತಾರೆ, ರುಚಿ ತಿಳಿಯುವುದಿಲ್ಲ. ಟಿವಿ ಹಚ್ಚುತ್ತಾರೆ, ಧ್ವನಿ ಏರಿಸುವುದನ್ನು ಮರೆತು ಹಾಗೇ ನೋಡುತ್ತ ಕೂಡುತ್ತಾರೆ. ತನಗೆ ಏನೂ ಅನ್ನಿಸುತ್ತಿಲ್ಲವಲ್ಲ ಎಂಬುದೊಂದೇ ಅವರಿಗಿದ್ದ ಹೆದರಿಕೆ. ಮೊಳೆಗೆ ನೇತುಹಾಕಿದ ಬೀಗದ ಕೈಯನ್ನು ಮಾತ್ರ ಅವರು ಮುಟ್ಟುತ್ತಿರಲಿಲ್ಲ.

ಕೋಣೆ ಓಬಳೇಶಪ್ಪನದು. ಮಂಡಿ ವ್ಯಾಪಾರಿ, ಕೆಟ್ಟವನೇನಲ್ಲ. ಮೊನ್ನೆ ಬಂದು ತಲೆ ತಗ್ಗಿಸಿ ಹೇಳಿದ್ದ: "ನಿಮ್ಮ ಮಗಳು ಕೇಳಿದ್ಲು ಅಂತ ಕೊಟ್ಟಿದ್ದೆ ಸರ. ಮುಚ್ಚೇ ಇರ್ತೈತಿ ಅಂದ್ರ ಉಳ್ಳಾಗಡ್ಡಿ ಚೀಲ ಹಾಕ್ಕಂತೀನಿ. ಅಮಾಸಿ ತನಕ ನೋಡ್ತೀನಿ."

"ಹಾಕ್ಕೊಳ್ರಿ" ಎಂದಿದ್ದರು ನಾಗೇಂದ್ರಪ್ಪ. ನಾಳೆಯೇ ಅಮಾವಾಸ್ಯೆ.

ಸುಂಕಮ್ಮ ಇನ್ನೂ ಕಟ್ಟೆಯ ಮೇಲೆ ಕೂತಿರುವಾಗಲೇ ಶಾಂತಕುಮಾರಿ ಟೀಚರ್ ಬಂದರು. ಅವರ ಶಾಲೆಗೂ ಓದುವ ಕೋಣೆಗೂ ನಡುವೆ ಒಂದೇ ಗೋಡೆ. ಸಂಜೆ ಗಂಟೆ ಹೊಡೆದರೆ ಹತ್ತನೇ ತರಗತಿಯ ಮಕ್ಕಳು ಆ ಬಾಗಿಲಿನಿಂದ ಈ ಬಾಗಿಲಿಗೆ ಬರುತ್ತಿದ್ದರು. ಒಲೆ, ಟಿವಿ, ಕುಡಿದು ಬಂದ ಅಪ್ಪ ಎಲ್ಲ ಒಂದೇ ಖೋಲಿಯಲ್ಲಿರುವ ಮನೆಗಳ ಮಕ್ಕಳು ಅವು, ಓದಲು ಬೇರೆ ಜಾಗವಿಲ್ಲ. ಅವರನ್ನು ಕರೆಯಲು ಬಂದ ತಾಯಂದಿರು ಬಾಗಿಲಲ್ಲಿ ನಿಂತು ನಿಂತು ಸಾಕಾಗಿ ತಾವೂ ಒಳಗೆ ಕೂತರು. ನಲ್ಲಿಯ ಹತ್ತಿರ ಕೊಡ ಹಿಡಿದು ಜುಟ್ಟು ಜುಟ್ಟು ಹಿಡಿಯುತ್ತಿದ್ದವರು ಒಂದೇ ಬೆಂಚಿನ ಮೇಲೆ ಅಕ್ಷರ ಕೂಡಿಸತೊಡಗಿದರು. ಸುಂಕಮ್ಮ ಓದು ಕಲಿತದ್ದು ಹಾಗೆ.

"ಪರೀಕ್ಷಿ ಹತ್ರ ಬಂತು ಸರ. ಹುಡುಗ್ರು ಬಸ್ ಸ್ಟ್ಯಾಂಡಿನ ಲೈಟಿನ ಕೆಳಗ ಕೂಡಾಕ ಹತ್ಯಾರ. ಬಾಗ್ಲ ತೆಗಿಯಾಕ ಆಗದಿದ್ರ ಬ್ಯಾಡ. ಇಲ್ಲಿರೋ ಪುಸ್ತಕನಾದ್ರೂ ಒಯ್ಲೇನ್ರಿ?"

"ಒಯ್ರಿ" ಎಂದರು ನಾಗೇಂದ್ರಪ್ಪ.

ಟೀಚರ್ ರಾಶಿಗೆ ಕೈಹಾಕುವಷ್ಟರಲ್ಲಿ ಸುಂಕಮ್ಮ ದಡಕ್ಕನೆ ಎದ್ದಳು. "ಟೀಚರ್ರ, ಮುಟ್ಟಬ್ಯಾಡ್ರಿ! ಸತ್ತ ಮನಿಯಿಂದ ಕಡ್ಡಿ ಸೈತ ಒಯ್ಬಾರ್ದು. ಪರೀಕ್ಷಿ ಹುಡುಗ್ರ ಕೈಯಾಗ ಕೊಡ್ತೀರೇನು?"

"ಅವೆಲ್ಲ ನಾವು ಬಿಟ್ಟು ಭಾಳ ದಿನ ಆತು ಸುಂಕಮ್ಮಾ" ಎಂದರು ನಾಗೇಂದ್ರಪ್ಪ. ಮನೆಯಲ್ಲಿ ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚುವವರು ಅವರು. ಸೂತಕ, ತಿಥಿ ಯಾವುದೂ ಇಲ್ಲ.

"ನೀವು ಬಿಟ್ಟೀರಿ ಸರ. ಓಣಿ ಬಿಟ್ಟಿಲ್ಲಲ್ರಿ" ಎಂದಳು ಸುಂಕಮ್ಮ. "ಮನ್ಯಾರು ಒಯ್ದು ಆ ಕೋಣ್ಯಾಗ ಇಡ್ಬೇಕು. ಅಲ್ಲಿಂದ ನಾವು ತಗಂತೀವಿ."

ಟೀಚರ್ ರಾಶಿ ಬಿಟ್ಟು ಪಕ್ಕಕ್ಕೆ ಸರಿದರು. ಮನೆಯವರೆಂದರೆ ಉಳಿದವರು ಇವರೊಬ್ಬರೇ. ನಾಗೇಂದ್ರಪ್ಪ ಬಹಳ ಹೊತ್ತು ಮೊಳೆಯನ್ನೇ ನೋಡಿದರು. ಆಮೇಲೆ, ಬೇರೆ ಯಾರದೋ ಕೆಲಸಕ್ಕೆ ಹೊರಟವರ ಹಾಗೆ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಒಂದು ಹೊರೆ ಪುಸ್ತಕ ಎತ್ತಿದರು.

ಓಣಿ ಬಾಗಿಲು ಬಾಗಿಲಲ್ಲಿ ನಿಂತು ನೋಡಿತು. ಅರವತ್ತು ದಾಟಿದ ಮನುಷ್ಯ ಏದುಸಿರು ಬಿಡುತ್ತ ಹೋಗಿ ಬಂದು ಮಾಡುತ್ತಿದ್ದರೂ ಯಾರೂ ಕೈ ಹಚ್ಚಲಿಲ್ಲ. ಒಂದು ಪುಸ್ತಕ ಜಾರಿ ರಸ್ತೆಗೆ ಬಿದ್ದಾಗ ಎದುರು ಮನೆಯ ಬೊಮ್ಮಮ್ಮ ಬಗ್ಗಿದಳು. ಬಗ್ಗಿದವಳು ನೆನಪಾಗಿ ಕೈ ಹಿಂದಕ್ಕೆಳೆದುಕೊಂಡು, "ಸಾವಕಾಶ ಸರ, ಸಾವಕಾಶ" ಎಂದು ಕಣ್ಣೊರೆಸಿಕೊಂಡಳು. ನಾಗೇಂದ್ರಪ್ಪ ಅದನ್ನು ತಾವೇ ಎತ್ತಿಕೊಂಡರು.

ಕೊನೆಯ ಹೊರೆ ಮೇಜಿನ ಮೇಲೆ ಕೂತದ್ದೇ ತಡ, ಮಕ್ಕಳು ನುಗ್ಗಿದರು. ಕೋಣೆಯ ಮುಂದಿನ ಜಾಲರಿ ಹಾಕಿದ ಪಡಸಾಲೆಯಲ್ಲಿ ಚಪ್ಪಲಿಗಳು ಒಂದರ ಮೇಲೊಂದು ಬಿದ್ದವು. ಯಾರೋ ಕಸ ಹೊಡೆದರು, ಯಾರೋ ದೀಪ ಹಚ್ಚಿದರು. ಓಬಳೇಶಪ್ಪ ಗೋದಾಮಿನ ಅಳತೆಗೆಂದು ಟೇಪು ಹಿಡಿದು ಬಂದವನು ಬಾಗಿಲಲ್ಲಿ ನಿಂತ. ಟೇಪನ್ನು ಅಂಗಿಯ ಜೇಬಿಗೆ ತುರುಕಿ, ಹಳೆಯ ಪೇಪರೊಂದನ್ನು ಎತ್ತಿಕೊಂಡು ಮೂಲೆಯಲ್ಲಿ ಕೂತ. ನಾಗೇಂದ್ರಪ್ಪ ಮಗಳ ಕುರ್ಚಿಯಲ್ಲಿ ಕೂಡಲಿಲ್ಲ. ಹೊಸ್ತಿಲ ಹತ್ತಿರ ನಿಂತೇ ಇದ್ದರು. ಆಗಲೂ ಅವರಿಗೆ ಏನೂ ಅನ್ನಿಸಲಿಲ್ಲ.

ಮುಚ್ಚುವ ಹೊತ್ತಾಯಿತು. ಮಕ್ಕಳು ತಮ್ಮ ತಮ್ಮ ಚಪ್ಪಲಿ ಮೆಟ್ಟಿಕೊಂಡು ಹೋದರು, ಓಬಳೇಶಪ್ಪನೂ ಹೋದ. ಸುಂಕಮ್ಮ ತನ್ನ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಜಾಲರಿಯ ಬಾಗಿಲು ದಾಟುತ್ತಿದ್ದಳು. ನಾಗೇಂದ್ರಪ್ಪ ಬೀಗ ತೆಗೆದುಕೊಂಡರು. ಗೋಡೆಯ ಬದಿಗೆ ಇನ್ನೂ ಒಂದು ಜೊತೆ ಚಪ್ಪಲಿ ಉಳಿದಿತ್ತು.

ಅವರು ಒಳಗೆ ತಲೆ ಹಾಕಿ ಕೂಗಿದರು: "ಯಾರದೀರವ್ವಾ ಒಳಗ? ಹೊತ್ತಾತು, ಬರ್ರಿ."

ಯಾರೂ ಬರಲಿಲ್ಲ. ಅವರು ಸ್ವಲ್ಪ ಕಾದರು. ಮತ್ತೆ ಕರೆಯಲೆಂದು ಬಾಯಿ ತೆರೆದವರು, ಚಪ್ಪಲಿಗಳ ಮೇಲೆ ಕೂತಿದ್ದ ದಪ್ಪ ಧೂಳನ್ನು ಕಂಡರು. ಬೀಗ ಕೈಯಿಂದ ಜಾರಿ ಕಲ್ಲಿನ ಮೇಲೆ ಬಿತ್ತು.

ಸುಂಕಮ್ಮ ತಿರುಗಿ ಬಂದಳು. ತನ್ನ ಚಪ್ಪಲಿಯನ್ನು ಆ ಜೊತೆಯ ಪಕ್ಕದಲ್ಲೇ ಬಿಟ್ಟು, ಒಳಗೆ ಹೋಗಿ, ಬೆಂಚಿನ ಮೇಲೆ ಕೂತು ಪುಸ್ತಕ ತೆರೆದಳು.

"ನಾ ಅದೀನಿ ಸರ" ಎಂದಳು. "ಇನ್ನಾ ಓದೋದೈತಿ. ಈಗ ಬೀಗ ಹಾಕಬ್ಯಾಡ್ರಿ."