ಕಾರ್ಕಳದಲ್ಲಿ ಬಿದ್ದ ಸಹಿ

ದೇವದಾಸರು ಮೊಣಕಾಲೂರಿ ಮಂಚದ ಕೆಳಗೆ ಬಗ್ಗಿ ನೋಡುತ್ತಿದ್ದಾಗ ಕಮಲ ಹೊಸಿಲು ದಾಟಿ ಒಳಗೆ ಬಂದಳು. ಮನೆಯ ಹಿಂದುಗಡೆ ತೆಂಗಿನ ಮಡಲಿನ ಮರೆ ಕಟ್ಟಿ ಕುಂಞಾಕನ ಮಯ್ಯತ್ತಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು. ನೀರು ಬೀಳುವ ಸದ್ದು, ನಡುನಡುವೆ ಯಾರೋ ತಗ್ಗಿದ ಸ್ವರದಲ್ಲಿ ಓದುತ್ತಿದ್ದದ್ದು, ಎರಡೂ ಚಾವಡಿಗೆ ಕೇಳುತ್ತಿತ್ತು.

"ಎಂತ ಹುಡುಕ್ತಾ ಇದ್ದೀರಿ ಸಾರ್?"

ದೇವದಾಸರು ಎದ್ದು ಪಂಚೆಯ ಧೂಳು ಕೊಡವಿದರು. "ಎಂತದಿಲ್ಲ. ಚಪ್ಪಲಿ."

"ಚಪ್ಪಲಿ ಅಂಗಳದಲ್ಲಿ ಬಿಟ್ಟಿದ್ದೀರಿ."

ಅವರು ಬಾಗಿಲ ಕಡೆ ನೋಡಿ ಸ್ವರ ತಗ್ಗಿಸಿದರು. "ನೋಟೀಸು ಪುಸ್ತಕ ಕಮಲ. ಶುಕ್ರವಾರ ಅವ ಅದನ್ನು ಮನೆಗೆ ತಂದಿದ್ದಾನೆ. ನಾಳೆ ವಿಚಾರಣೆಯ ಕಮಿಟಿ ಕೂರುತ್ತದೆ. ಹೆಡ್ ಕ್ಲರ್ಕ್ ನಾನು. ಪುಸ್ತಕ ಎಲ್ಲಿ ಅಂದರೆ ಎಂತ ಹೇಳಲಿ? ಮಯ್ಯತ್ತಿನ ಸಂಗಡ ಹೋಯ್ತು ಅಂತವಾ?"

ಉಡುಪಿಯ ಆ ಕಾಲೇಜಿನ ಕಲಾ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಅಟೆಂಡರ್ ಆಗಿದ್ದ ಕುಂಞಿ ಮೊಹಮ್ಮದ್, ಎಲ್ಲರ ಬಾಯಲ್ಲಿ ಕುಂಞಾಕ, ಶನಿವಾರ ಸಂಜೆ ಎದೆನೋವೆಂದು ಮಣಿಪಾಲಕ್ಕೆ ಕರೆದೊಯ್ಯುವ ದಾರಿಯಲ್ಲಿ, ಕಟಪಾಡಿ ದಾಟುವ ಮೊದಲೇ ತೀರಿಹೋಗಿದ್ದರು. ಇವತ್ತು ಭಾನುವಾರ, ಸಾವಿರದ ಒಂಬೈನೂರ ಎಂಬತ್ತನಾಲ್ಕರ ಏಪ್ರಿಲ್ ಎಂಟು. ಮಧ್ಯಾಹ್ನದ ನಮಾಜಿನ ಮೇಲೆ ಕಾಪುವಿನ ಮಸೀದಿಯಲ್ಲಿ ದಫನ. ಗುರುವಾರ ಅವರ ಕೈಗೆ ಒಂದು ಮೆಮೊ ಕೊಡಲಾಗಿತ್ತು. ಅದನ್ನು ಟೈಪ್ ಮಾಡಿದವಳು ಕಮಲ.

"ಪುಸ್ತಕ ಒಳಕೋಣೆಯಲ್ಲಿ ಉಂಟಂತೆ," ಎಂದರು ದೇವದಾಸರು. "ಅವನ ಹೆಂಡತಿ ಹಲೀಮಮ್ಮ ಗಂಡ ಹೋದ ಮೇಲಿನ ಇದ್ದತ್ತಿಗೆ ಕೂತಾಗಿದೆ. ಇನ್ನು ನಾಲ್ಕು ತಿಂಗಳು ಹತ್ತು ದಿನ ಹೊರಗಿನ ಗಂಡಸರು ಆ ಬಾಗಿಲು ದಾಟುವ ಹಾಗಿಲ್ಲ. ನೀವು ಹೆಂಗಸು, ಹೋಗಿ ತನ್ನಿ. ಆ ಹುಡುಗಿಗೇ ಒಳ್ಳೆಯದು."

"ಖತೀಜಾಗೆ? ಹೇಗೆ?"

"ಅಪ್ಪನ ಜಾಗಕ್ಕೆ ಅವಳನ್ನು ಆಫೀಸಿಗೆ ತೆಗೆದುಕೊಳ್ಳಬೇಕೆಂದು ಪ್ರಿನ್ಸಿಪಾಲರಿಗೆ ಮನಸ್ಸುಂಟು. ಬೆಳಿಗ್ಗೆ ಬಂದಾಗ ನನ್ನ ಹತ್ತಿರ ಹೇಳಿದರು. ಆದರೆ ಕಳ್ಳಸಹಿ ಹಾಕಿದವನ ಮಗಳು ಅಂತ ಕಮಿಟಿಯಲ್ಲಿ ಬರೆದುಕೊಂಡರೆ ಮುಗಿಯಿತು. ಸಹಿ ಅವನದ್ದಾ ಅಲ್ಲವಾ, ನಾಳೆ ತೀರ್ಮಾನ ಆಗಬೇಕು."

ಕಳ್ಳಸಹಿ ಎಂಬ ಮಾತು ಹೇಳುವಾಗಲೂ ಅವರ ಕಣ್ಣು ಗೋಡೆಯ ಹಲಗೆಯ ಮೇಲಿದ್ದ ಕಿತಾಬುಗಳ ಸಾಲನ್ನು ಒಂದೊಂದಾಗಿ ಎಣಿಸುತ್ತಿತ್ತು. ಇವರಿಗೆ ಪುಸ್ತಕದ ಮೇಲೆ ಇಷ್ಟು ಆಸೆ ಯಾಕೆ ಎಂದು ಕಮಲಳಿಗೆ ಅನ್ನಿಸಿತು. ಮೂರು ದಿನಗಳಿಂದ ಅವಳಿಗೆ ಹೀಗೆಯೇ. ಯಾರನ್ನು ಕಂಡರೂ ಒಂದು ಪ್ರಶ್ನೆ ಏಳುತ್ತಿತ್ತು.

*

ಪ್ರತಿ ವರ್ಷ ಮಾರ್ಚ್ ಬಂತೆಂದರೆ ಕಮಲಳ ಟೈಪ್‌ರೈಟರಿಗೆ ಬಿಡುವಿರುತ್ತಿರಲಿಲ್ಲ. ಲೈಬ್ರರಿ ಪುಸ್ತಕಗಳನ್ನು ಇಂಥ ದಿನದೊಳಗೆ ಒಪ್ಪಿಸಬೇಕು. ಹಾಜರಿ ಕಡಿಮೆಯಾದವರ ಪಟ್ಟಿ ಮೂವತ್ತೊಂದರ ಸಂಜೆ ನಾಲ್ಕರೊಳಗೆ ಆಫೀಸಿಗೆ ಮುಟ್ಟಬೇಕು. ಪ್ರಶ್ನೆಪತ್ರಿಕೆಯ ಲಕೋಟೆಗೆ ಅರಗು ಹಾಕುವಾಗ ಇಬ್ಬರು ಎದುರಿಗಿರಬೇಕು. ಮೌಲ್ಯಮಾಪನಕ್ಕೆ ಹೋಗುವವರು ಹೆಸರು ಕೊಡಬೇಕು. ಎಲ್ಲವೂ ಇಂಗ್ಲಿಷಿನಲ್ಲಿ.

ಕುಂಞಾಕನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನೋಟೀಸನ್ನು ಪುಸ್ತಕಕ್ಕೆ ಅಂಟಿಸಿದ ಮೇಲೆ ಅವರು ಅವಳ ಮೇಜಿನ ಹತ್ತಿರ ನಿಲ್ಲುತ್ತಿದ್ದರು. "ಟೀಚರ್, ಇದರಲ್ಲಿ ಎಂತ ಉಂಟು, ಒಮ್ಮೆ ಕನ್ನಡದಲ್ಲಿ ಹೇಳಿ." ಅವಳು ಟೈಪಿಸ್ಟ್. ಕಾಲೇಜಿನಲ್ಲಿ ಕೆಲಸ ಮಾಡುವ ಹೆಂಗಸರೆಲ್ಲ ಅವರಿಗೆ ಟೀಚರೇ. ಒಮ್ಮೆ ಕೇಳಿದರೆ ಸಾಕು, ಒಂದು ತಾರೀಕು ತಪ್ಪುತ್ತಿರಲಿಲ್ಲ. ಗುರುವಾರ ಮನೆಯಲ್ಲಿ ಕೂತು ಮಾಲೆಯ ಭಕ್ತಿಹಾಡು ಹೇಳಿ ಬೆಳೆದ ಗಂಟಲು ಅದು. ಒಂದೊಂದು ವಿಷಯದ ಕೊನೆಗೂ ಸ್ವರ ಸ್ವಲ್ಪ ಎಳೆದು, ನಿಲ್ಲಿಸಿ, ಮುಂದಿನದಕ್ಕೆ ಹೋಗುತ್ತಿದ್ದರು. ಅಧ್ಯಾಪಕರ ಎದುರು ನಿಂತು ಪೂರ್ತಿ ಹೇಳಿ ಮುಗಿಸಿದ ಮೇಲೆಯೇ ಪುಸ್ತಕವನ್ನೂ ತನ್ನ ಜೇಬಿನ ಪೆನ್ನನ್ನೂ ಚಾಚುವುದು. ಕೇಳದೆ ಸಹಿ ಹಾಕಲು ಬಿಡುತ್ತಿರಲಿಲ್ಲ. ರಜೆಯಲ್ಲಿದ್ದವರ ಮನೆಗೂ ಹೋಗುತ್ತಿದ್ದರು.

ಈ ವರ್ಷ ಚರಿತ್ರೆಯ ಅಧ್ಯಾಪಕ ಕ್ಲಾರೆನ್ಸ್ ಹಾಜರಿ ಪಟ್ಟಿ ಕೊಡಲಿಲ್ಲ. ಹದಿನೆಂಟು ಮಕ್ಕಳ ಹಾಲ್ ಟಿಕೆಟ್ ತಡೆಯಲ್ಪಟ್ಟಿತು. ಹೆತ್ತವರು ಬಂದು ಗಲಾಟೆ ಮಾಡಿದರು. ಪ್ರಿನ್ಸಿಪಾಲರೇ ವಿಶ್ವವಿದ್ಯಾನಿಲಯಕ್ಕೆ ಓಡಿ ಕೈಮುಗಿದು ಬಿಡಿಸಿಕೊಂಡು ಬಂದರು. ಬಂದವರೇ ಕ್ಲಾರೆನ್ಸರನ್ನು ಕರೆಸಿದರು. ಕ್ಲಾರೆನ್ಸ್ ಹೇಳಿದ್ದು ಒಂದೇ ಮಾತು. ನಾನು ಜ್ವರವೆಂದು ಕಾರ್ಕಳದ ಮನೆಯಲ್ಲಿದ್ದೆ, ಆ ನೋಟೀಸು ನನಗೆ ಬಂದೇ ಇಲ್ಲ.

ಪುಸ್ತಕ ತೆರೆದರು. ಮಾರ್ಚ್ ಇಪ್ಪತ್ತೆಂಟರ ನೋಟೀಸಿನ ಕೆಳಗೆ ಕ್ಲಾರೆನ್ಸ್ ಹೆಸರಿನ ಮುಂದೆ ಎರಡಕ್ಷರದ ಸಹಿ ಇತ್ತು. ಶಾಯಿ ಕುಂಞಾಕನ ಪೆನ್ನಿನದ್ದು. "ಇದು ನನ್ನ ಕೈಯಲ್ಲ," ಎಂದರು ಕ್ಲಾರೆನ್ಸ್.

"ಕುಂಞಿ ಮೊಹಮ್ಮದ್, ನೀನು ಅಲ್ಲಿಗೆ ಹೋಗಿದ್ದೆಯಾ?" ಎಂದು ಪ್ರಿನ್ಸಿಪಾಲರು ಕೇಳಿದರು.

"ಹೋಗಿದ್ದೆ ಸಾರ್. ಬಾಗಿಲ ಹೊರಗೆ ನಿಂತು ಎಲ್ಲ ಹೇಳಿದ್ದೇನೆ."

"ಇವರು ಸಹಿ ಹಾಕುವುದನ್ನು ನೋಡಿದ್ದೀಯಾ?"

"ಇಲ್ಲ ಸಾರ್. ಪುಸ್ತಕ ಒಳಗೆ ಹೋಯಿತು, ಹೊರಗೆ ಬಂತು."

"ಹಾಗಾದರೆ ಹಾಕಿದವರು ಯಾರು?"

ಕುಂಞಾಕ ನೆಲ ನೋಡಿದರು. "ಕಣ್ಣಾರೆ ಕಾಣದ್ದನ್ನು ಹೇಗೆ ಹೇಳಲಿ ಸಾರ್?"

ಬಾಗಿಲ ಬಳಿ ಶಾರ್ಟ್‌ಹ್ಯಾಂಡ್ ಪುಸ್ತಕ ಹಿಡಿದು ನಿಂತಿದ್ದ ಕಮಲಳಿಗೆ ಆ ಉತ್ತರ ಸರಿಕಾಣಲಿಲ್ಲ. ತಪ್ಪಿಲ್ಲದವನು ನೇರ ಹೇಳುತ್ತಾನೆ. ಅಷ್ಟು ದೂರ ಬಿಸಿಲಲ್ಲಿ ಹೋಗಲು ಬೇಸರವಾಗಿ ಉಡುಪಿಯ ಬಸ್‌ಸ್ಟ್ಯಾಂಡಿನಲ್ಲೇ ಕೂತು ತಾನೇ ಸಹಿ ಹಾಕಿರಬಹುದು. ಹಾಗೆಂದು ಅವಳು ಯಾರಿಗೂ ಹೇಳಲಿಲ್ಲ. ಆದರೆ ಮೆಮೊ ಟೈಪ್ ಮಾಡುವಾಗ ಕೈ ತಡೆಯಲಿಲ್ಲ.

*

ಕ್ಲಾರೆನ್ಸ್ ಹನ್ನೊಂದು ಗಂಟೆಗೆ ಬಂದರು, ಹೆಂಡತಿ ಬರ್ತಾಳ ಜೊತೆಯಲ್ಲಿ. ಅಂಗಳದ ಚಪ್ಪರದಡಿ ಕಾಲೇಜಿನವರು ಕೂತಿದ್ದ ಬೆಂಚಿಗೆ ಬಂದು ಎಲ್ಲರ ಕೈ ಹಿಡಿದರು.

"ನನ್ನ ಮನಸ್ಸಿನಲ್ಲಿ ಅವನ ಮೇಲೆ ಎಂತದೂ ಇಲ್ಲ," ಎಂದರು, ಯಾರೂ ಕೇಳದೆ.

ಈ ತಿಂಗಳ ಕೊನೆಗೆ ನಿವೃತ್ತರಾಗಲಿದ್ದ ಇಂಗ್ಲಿಷಿನ ಲಿಯೋನೆಲ್ ಬೆಂಚಿನ ತುದಿಯಲ್ಲಿದ್ದರು. "ಇನ್ನು ನೋಟೀಸುಗಳನ್ನು ನಾವೇ ಓದಬೇಕಾದೀತು ಮಾರಾಯರೇ. ನಾನು ಒಂದನ್ನೂ ಓದಿದವನಲ್ಲ, ಎಲ್ಲ ಕಿವಿಯಲ್ಲೇ. ನನ್ನ ಬೀಳ್ಕೊಡುಗೆಯ ನೋಟೀಸನ್ನೂ ಮೊನ್ನೆ ನನ್ನೆದುರು ರಾಗವಾಗಿ ಹೇಳಿದ. 'ಲಿಯೋನೆಲ್ ಸಾರ್ ಹೋಗ್ತಾರೆ, ಎಲ್ಲರೂ ತಪ್ಪದೆ ಬರಬೇಕು.' ನಾನೇ ಸಹಿ ಹಾಕಿದೆ."

ಇಬ್ಬರು ಮೂವರು ನಕ್ಕು, ಸುತ್ತ ನೋಡಿ ನಗು ನುಂಗಿಕೊಂಡರು. ಕ್ಲಾರೆನ್ಸ್ ನಗಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವರು ಕಮಲಳನ್ನು ಬಾವಿಕಟ್ಟೆಯ ಕಡೆ ಕರೆದರು. "ಕಮಲ, ಆ ಪುಸ್ತಕ ಸಿಕ್ಕಿದರೆ ದೇವದಾಸರಿಗೆ ಕೊಡಬೇಡಿ. ನನಗೆ ಕೊಡಿ. ಹೋದವನ ಹೆಸರನ್ನು ಯಾಕೆ ಎಳೆಯುವುದು? ಪುಸ್ತಕ ಇಲ್ಲದಿದ್ದರೆ ಕಮಿಟಿಯೂ ಇಲ್ಲ. ಅಲ್ಲಿಗೆ ಮುಚ್ಚಿ ಹೋಗುತ್ತದೆ."

"ಸಹಿ ನಿಮ್ಮದಲ್ಲ ಅಂತ ಮೊದಲು ಹೇಳಿದವರು ನೀವೇ ಅಲ್ವಾ ಸಾರ್?"

"ಆಗ ಹೇಳಿದೆ. ಈಗ ಅವನೇ ಇಲ್ಲವಲ್ಲ."

ಮಾತು ಮೆತ್ತಗಿತ್ತು. ಆದರೆ ಪುಸ್ತಕ ಕಾಣೆಯಾದರೆ ಕದ್ದವನೂ ಕುಂಞಾಕನೇ ಆಗುತ್ತಾನೆಂದು ಇಷ್ಟು ಓದಿದವರಿಗೆ ತಿಳಿಯದೆ? ಕಮಲ ಮನೆಯ ಕಡೆ ಹೊರಟಳು. ಕ್ಲಾರೆನ್ಸ್ ಹೆಂಡತಿಯ ಕಡೆ ತಿರುಗಿ ಕೊಂಕಣಿಯಲ್ಲಿ ಏನೋ ಹೇಳಿದರು. ಬರ್ತಾ ಬೇಡವೆಂಬಂತೆ ತಲೆ ಅಲ್ಲಾಡಿಸಿದಳು. ಅವರು ಮತ್ತೊಮ್ಮೆ ಹೇಳಿದರು. ಆಮೇಲೆ ಅವಳು ಕಮಲಳ ಹಿಂದೆಯೇ ಒಳಕೋಣೆಗೆ ಬಂದಳು.

ಹಲೀಮಮ್ಮ ಬಿಳಿಯ ಬಟ್ಟೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಮಗಳು ಖತೀಜಾ. ಕಳೆದ ವರ್ಷ ಟೈಪಿಂಗ್ ಪರೀಕ್ಷೆಗೆ ಅವಳನ್ನು ತಯಾರು ಮಾಡಿದ್ದು ಕಮಲಳೇ. ಆದರೂ ಹುಡುಗಿ ಮುಖ ಎತ್ತಲಿಲ್ಲ.

"ನೀವೂ ಪುಸ್ತಕ ಕೇಳಲಿಕ್ಕೆ ಬಂದದ್ದಾ ಟೀಚರ್?" ಎಂದರು ಹಲೀಮಮ್ಮ. "ಬೆಳಿಗ್ಗೆಯಿಂದ ಬಾಗಿಲ ಆಚೆಯಿಂದ ಎಲ್ಲರದ್ದೂ ಅದೇ. ಅವರ ಮುಖ ಒಮ್ಮೆ ನೋಡಬಹುದಾ ಅಂತ ಕಾಲೇಜಿನವರು ಒಬ್ಬರೂ ಕೇಳಲಿಲ್ಲ."

ಕಮಲಳೂ ಕೇಳಿರಲಿಲ್ಲ.

"ಪುಸ್ತಕ ಇಲ್ಲೇ ಉಂಟು." ಹಲೀಮಮ್ಮ ಚಾಪೆಯ ಮಡಿಕೆಯ ಮೇಲೆ ಕೈಯಿಟ್ಟರು. "ಕೊಡುವುದಿಲ್ಲ ಅಂತಲ್ಲ. ಯಾರ ಕೈಗೆ ಅಂತ ಗೊತ್ತಾಗುವುದಿಲ್ಲ. ಈ ಬಾಯಮ್ಮ ಯಾರು?"

"ಕಾರ್ಕಳದವರು. ಕ್ಲಾರೆನ್ಸ್ ಸಾರಿನ ಮನೆಯವರು."

ಖತೀಜಾ ಈಗ ತಲೆ ಎತ್ತಿದಳು. ಬರ್ತಾಳ ಮುಖವನ್ನೇ ನೋಡುತ್ತ ಎದೆಯ ಬಳಿಯಿಂದ ನಾಲ್ಕು ಮಡಿಕೆಯ ಕಾಗದ ತೆಗೆದಳು. "ಮೆಮೊಗೆ ಉತ್ತರ. ನಿನ್ನೆ ಮಧ್ಯಾಹ್ನ ಅಪ್ಪ ಹೇಳಿ ಬರೆಸಿದ್ದು. ಓದುತ್ತೇನೆ, ಇವರೂ ಕೇಳಲಿ."

ಅವಳು ಓದಿದಳು. ನಾನು ಬುಧವಾರ ಹನ್ನೆರಡು ಗಂಟೆಗೆ ಕಾರ್ಕಳದ ಮನೆಗೆ ಹೋದದ್ದು ಸತ್ಯ. ಕೋಣೆಯ ಬಾಗಿಲ ಹೊರಗೆ ನಿಂತು ನೋಟೀಸು ಪೂರ್ತಿ ಹೇಳಿದ್ದು ಸತ್ಯ. ಸಹಿ ನನ್ನದಲ್ಲ. ಹಾಕಿದವರನ್ನು ನಾನು ಕಂಡಿಲ್ಲ. ಕಾಣದ್ದಕ್ಕೆ ನಾನು ಸಾಕ್ಷಿ ಹೇಳುವುದಿಲ್ಲ.

"ಇಷ್ಟೇ," ಎಂದಳು ಖತೀಜಾ. "ಯಾರೆಂದು ನಿಮಗೆ ಅಂದಾಜು ಉಂಟಾ ಅಂತ ಕೇಳಿದೆ. ಅಂದಾಜು ಬರೆಯಬಾರದು ಅಂದರು."

ಹೊರಗೆ ಗಂಡಸರೆಲ್ಲ ಎದ್ದು ನಿಂತ ಸದ್ದು. ಮಯ್ಯತ್ತಿನ ಮಂಚ ಹೆಗಲಿಗೇರಿತು. ಕಲಿಮದ ದನಿ ಅಂಗಳ ದಾಟಿ, ಓಣಿ ದಾಟಿ, ಮಸೀದಿಯ ದಿಕ್ಕಿಗೆ ತಿರುಗಿತು. ಅದು ಪೂರ್ತಿ ಕೇಳದಾದ ಮೇಲೆ ಬರ್ತಾ ಚಾಪೆಯ ಅಂಚಿನಲ್ಲಿ ಕೂತಳು.

*

ಆ ಬುಧವಾರ ಕಾರ್ಕಳದ ಆನೆಕೆರೆಯ ಬಳಿಯ ಮನೆಯಲ್ಲಿ ಬರ್ತಾ ಬಾಗಿಲು ತೆರೆದಾಗ ಕುಂಞಾಕ ಬೆವರು ಒರೆಸುತ್ತ ನಿಂತಿದ್ದರು.

"ಸಾರಿಗೆ ಜ್ವರ ಬಾಯಮ್ಮ?"

"ಹೌದು. ಮಲಗಿದ್ದಾರೆ."

"ಏಳಿಸುವುದು ಬೇಡ. ಬಾಗಿಲ ಹತ್ತಿರ ನಿಂತು ಹೇಳುತ್ತೇನೆ, ಮಲಗಿಯೇ ಕೇಳಲಿ."

ಬೇಡವೆನ್ನಲಾಗದೆ ಅವಳು ಬದಿಗೆ ಸರಿದಳು. ಮುಚ್ಚಿದ ಬಾಗಿಲಿನ ಮುಂದೆ ಅವರು ಟೊಪ್ಪಿ ಸರಿಮಾಡಿ, ಕೈಕಟ್ಟಿ ನಿಂತರು. ಲೈಬ್ರರಿ ಪುಸ್ತಕದಿಂದ ಹಿಡಿದು ಹಾಜರಿ ಪಟ್ಟಿಯವರೆಗೆ, ಒಂದೊಂದಕ್ಕೂ ಸ್ವರ ಎಳೆದು, ಒಳಗಿನವರಿಗೆ ಅರ್ಥವಾಗಲೆಂದು ನಿಲ್ಲಿಸಿ ನಿಲ್ಲಿಸಿ ಹೇಳಿದರು. ಹಾಜರಿ ಪಟ್ಟಿಯದನ್ನು ಎರಡು ಸಲ ಹೇಳಿದರು. ಒಳಗಿಂದ ಕೆಮ್ಮಿಲ್ಲ, ಹೂಂ ಇಲ್ಲ. ಕ್ಲಾರೆನ್ಸ್ ಹಿಂದಿನ ದಿನವೇ ಗಲ್ಫಿನ ಶಾಲೆಯೊಂದರ ಸಂದರ್ಶನಕ್ಕೆ ಬೊಂಬಾಯಿಗೆ ಹೋಗಿದ್ದರು. ಯಾರಿಗೂ ತಿಳಿಯಬಾರದೆಂದು ಹೇಳಿ ಹೋಗಿದ್ದರು.

ಬರ್ತಾ ಪುಸ್ತಕವನ್ನೂ ಪೆನ್ನನ್ನೂ ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ ಕುಂಞಾಕ ಅಕ್ಷರವನ್ನು ನೋಡಲಿಲ್ಲ. ಮೆಟ್ಟಿಲ ಬಳಿ ಸಾರಿನ ಬೂಟುಗಳಿರಬೇಕಾದ ಜಾಗವನ್ನು ಒಂದು ಗಳಿಗೆ ನೋಡಿದರು.

"ಸಾರಿಗೆ ಬೇಗ ಗುಣವಾಗಲಿ ಬಾಯಮ್ಮ," ಎಂದು ಬಿಸಿಲಿಗಿಳಿದರು.

*

"ಕೋಣೆಯಲ್ಲಿ ಯಾರೂ ಇರಲಿಲ್ಲ," ಎಂದಳು ಬರ್ತಾ. ದನಿ ಗಟ್ಟಿಯಿರಲಿಲ್ಲ. "ಸಹಿ ನಾನು ಹಾಕಿದ್ದು. ಬೊಂಬಾಯಿಯಿಂದ ಬಂದ ಮೇಲೂ ಇವರಿಗೆ ಸಹಿಯದ್ದನ್ನೂ ನೋಟೀಸಿನದ್ದನ್ನೂ ಹೇಳಲು ಧೈರ್ಯ ಬರಲಿಲ್ಲ. ಮೆಮೊ ಕೊಟ್ಟ ದಿನ ಹೇಳಿದೆ. ಇವರು, ಈಗ ಬಾಯಿ ಬಿಟ್ಟರೆ ಸುಳ್ಳು ರಜೆ ಹಾಕಿದ್ದು ತಿಳಿದು ಕೆಲಸ ಹೋಗುತ್ತದೆ ಅಂದರು. ಸುಮ್ಮನಾದೆ. ಈಗ ನನ್ನನ್ನು ಒಳಗೆ ಕಳಿಸಿದ್ದೂ ಪುಸ್ತಕಕ್ಕೇ."

ಖತೀಜಾಳ ಕೈಯಲ್ಲಿದ್ದ ಕಾಗದ ಮುದುಡಿತು. ಹಲೀಮಮ್ಮ ಮಗಳ ಮೊಣಕಾಲಿನ ಮೇಲೆ ಕೈ ಇಟ್ಟರು.

"ಅವತ್ತು ಸಂಜೆ ಬಂದು ಕಾಲು ತೊಳೆಯುತ್ತ ಹೇಳಿದರು. ಇವತ್ತು ಖಾಲಿ ಕೋಣೆಗೆ ನೋಟೀಸು ಹೇಳಿ ಬಂದೆನೋ ಏನೋ, ಅಂತ. ಏನೋ ಅಂತ ಮಾತ್ರ. ಆಮೇಲೆ ಆ ಮಾತು ಎತ್ತಲಿಲ್ಲ."

ಅವರು ಚಾಪೆಯ ಮಡಿಕೆಯಿಂದ ಪುಸ್ತಕ ಹೊರತೆಗೆದರು. ಕಮಲ ಕೈಚಾಚಿದಳು. ಹಲೀಮಮ್ಮ ಅದನ್ನು ಬರ್ತಾಳ ಮಡಿಲಿಗಿಟ್ಟರು.

"ಹಲೀಮಮ್ಮ," ಎಂದಳು ಕಮಲ.

"ಕಂಡವರು ಈ ಬಾಯಮ್ಮ ಒಬ್ಬರೇ ಟೀಚರ್. ನಾವು ಯಾರೂ ಕಂಡಿಲ್ಲ. ಅವರೇ ಹೇಳಲಿ." ಆಮೇಲೆ ಬರ್ತಾಳ ಕಡೆ ನೋಡಿದರು. "ನಾನು ಈ ಕೋಣೆ ಬಿಟ್ಟು ಬರುವ ಹಾಗಿಲ್ಲ. ಹೇಳಿದಿರಾ ಅಂತ ಬಂದು ಕೇಳಲಿಕ್ಕೂ ಆಗುವುದಿಲ್ಲ."

ಮಸೀದಿಯಿಂದ ಮರಳುತ್ತಿದ್ದ ಗಂಡಸರ ನಡುವೆಯೇ ಕಮಲ ಬರ್ತಾಳ ಹಿಂದೆ ಪೇಟೆಯ ಕಡೆ ನಡೆದಳು. ಅವಳ ಕಣ್ಣು ಬರ್ತಾಳ ಕೈಚೀಲ ಬಿಟ್ಟು ಕದಲಲಿಲ್ಲ. ಹತ್ತಿರದಲ್ಲೇ ಬಾವಿಗಳಿದ್ದವು, ಓಣಿಯ ಬದಿಯಲ್ಲಿ ಕಸ ಉರಿಯುತ್ತಿತ್ತು. ಒಂದು ಕೈ ಬೀಸಿದರೆ ಸಾಕು.

ಬಸ್‌ಸ್ಟ್ಯಾಂಡಿನಲ್ಲಿ ಕ್ಲಾರೆನ್ಸ್ ಬೂಟಿನ ಮರಳು ಕೊಡವುತ್ತಿದ್ದರು. ಹೆಂಡತಿಯ ಚೀಲದಿಂದ ಇಣುಕುತ್ತಿದ್ದ ಕೆಂಪು ರಟ್ಟು ಕಂಡಿತು. ಅವರ ಮುಖ ಸಡಿಲವಾಯಿತು.

"ಸಿಕ್ಕಿತಾ? ಒಳ್ಳೆಯದಾಯಿತು. ಬಾ, ಶಿರ್ವದ ದಾರಿಯ ಕಾರ್ಕಳದ ಬಸ್ಸು ಹೊರಡಲಿಕ್ಕಾಯಿತು. ಸೀಟು ಹಿಡಿಯುತ್ತೇನೆ."

ಜನರನ್ನು ಸರಿಸಿ ಅವರು ಹತ್ತಿದರು. ಬರ್ತಾ ಹತ್ತಲಿಲ್ಲ. ಕಮಲಳ ಕಡೆ ತಿರುಗಿ ಕೇಳಿದಳು, "ಪ್ರಿನ್ಸಿಪಾಲರ ಮನೆ ನಿಮಗೆ ಗೊತ್ತುಂಟಾ?"

"ಉಂಟು."

ಇಬ್ಬರೂ ರಸ್ತೆ ದಾಟಿ ಉಡುಪಿಯ ಬಸ್ಸು ನಿಲ್ಲುವ ಕಡೆಗೆ ಹೋದರು. ಆಚೆ ಬದಿಯಲ್ಲಿ ಕಂಡಕ್ಟರ್ ಶಿಳ್ಳೆ ಊದಿದ. ಕಾರ್ಕಳದ ಬಸ್ಸು ನಿಧಾನವಾಗಿ ತಿರುಗುವಾಗ ಒಳಗೆ ನಿಂತವರೆಲ್ಲ ಒಮ್ಮೆ ವಾಲಿದರು. ತುಂಬಿದ ಆ ಬಸ್ಸಿನಲ್ಲಿ ಕಿಟಕಿ ಬದಿಯ ಒಂದು ಸೀಟು ಮಾತ್ರ ಖಾಲಿಯಿತ್ತು. ಅದರ ಮೇಲೆ ಬಿಳಿಯ ಕರವಸ್ತ್ರ ಹಾಸಿತ್ತು. ಪಕ್ಕದಲ್ಲಿ ಕೂತ ಕ್ಲಾರೆನ್ಸ್, ಎದುರಿಗೆ ನಿಂತ ಮುದುಕಿಯೊಬ್ಬಳು ಏನೋ ಕೇಳುತ್ತಿದ್ದರೂ, ಕರವಸ್ತ್ರದ ಮೇಲಿನ ಕೈ ತೆಗೆಯದೆ, ಬಾಗಿಲ ಕಡೆಗೇ ಕತ್ತು ಚಾಚಿ ನೋಡುತ್ತಿದ್ದರು.